ದೊಡ್ಡ ಕಂಪನಿಯ ಟ್ರೇಡ್‌ಮಾರ್ಕ್ ನೋಟಿಸು ಬಂದಾಗ ಸಣ್ಣ ಉದ್ಯಮಿ ಇಡಬೇಕಾದ ಹೆಜ್ಜೆಗಳು

ಟ್ರೇಡ್‌ಮಾರ್ಕ್ ಎಂದರೆ ಒಬ್ಬರ ಸರಕು ಸೇವೆಗಳನ್ನು ಗುರುತಿಸುವ ಹೆಸರು ಅಥವಾ ಚಿಹ್ನೆ. ಅದು ತನ್ನದೆಂದು ಹೇಳಿ ದೊಡ್ಡ ಕಂಪನಿ ಕಳುಹಿಸುವ ನೋಟಿಸು ಸಾಮಾನ್ಯವಾಗಿ ಎರಡು ಮೂರು ಪುಟಗಳನ್ನು ಮೀರುವುದಿಲ್ಲ. ಮೊದಲ ಪುಟದಲ್ಲಿ ಕಂಪನಿಯ ಹೆಸರು ಎಷ್ಟು ದೇಶಗಳಲ್ಲಿ ನೋಂದಣಿಯಾಗಿದೆ, ಎಷ್ಟು ಪ್ರಸಿದ್ಧವಾಗಿದೆ ಎಂಬ ವಿವರಣೆ ಇರುತ್ತದೆ. ಎರಡನೆಯದರಲ್ಲಿ ನಿಮ್ಮ ವ್ಯಾಪಾರದ ಅಥವಾ ಉತ್ಪನ್ನದ ಹೆಸರು ಅದನ್ನು ಜನರಿಗೆ ಮೋಸವಾಗುವಷ್ಟು ಹೋಲುತ್ತದೆ ಎಂಬ ಆಪಾದನೆ ಇರುತ್ತದೆ. ಕೊನೆಯಲ್ಲಿ ಇಂತಿಷ್ಟು ದಿನಗಳೊಳಗೆ ಹೆಸರಿನ ಬಳಕೆ ನಿಲ್ಲಿಸಬೇಕು, ಡೊಮೇನ್ (ಜಾಲತಾಣದ ವಿಳಾಸ) ಒಪ್ಪಿಸಬೇಕು, ದಾಸ್ತಾನು ನಾಶಪಡಿಸಬೇಕು, ಈವರೆಗಿನ ಮಾರಾಟದ ಲೆಕ್ಕ ಕೊಡಬೇಕು ಎಂಬ ಬೇಡಿಕೆಗಳ ಪಟ್ಟಿ ಇರುತ್ತದೆ. ಮುಂದೆಂದೂ ಇಂಥ ಹೆಸರು ಬಳಸುವುದಿಲ್ಲವೆಂದು ಸಹಿ ಹಾಕಿ ಕಳುಹಿಸಬೇಕಾದ ಮುಚ್ಚಳಿಕೆ ಪತ್ರವನ್ನೂ ಜೊತೆಗೆ ಲಗತ್ತಿಸಿರುವುದುಂಟು. ಇದನ್ನು ಓದಿದವರು ಒಂದೋ ಹೆದರಿ ಅಂದೇ ಫಲಕ ಇಳಿಸುತ್ತಾರೆ, ಇಲ್ಲವೇ ಸಿಟ್ಟಿಗೆದ್ದು ಅಂದೇ ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನು ಜರೆಯುತ್ತಾರೆ. ಎರಡೂ ಮೊದಲ ದಿನ ಮಾಡುವ ಕೆಲಸಗಳಲ್ಲ.

ಆ ಪತ್ರ ನ್ಯಾಯಾಲಯದ ಆದೇಶವಲ್ಲ, ಎದುರು ಪಕ್ಷದ ವಾದ ಮಾತ್ರ. ಹಾಗೆಂದು ಕಸದ ಬುಟ್ಟಿಗೆ ಹಾಕುವ ಕಾಗದವೂ ಅಲ್ಲ. ದೊಡ್ಡದು ಯಾರು, ಚಿಕ್ಕದು ಯಾರು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಬೆಲೆ ಕಡಿಮೆ. ಅದು ಕೇಳುವುದು ಬೇರೆಯೇ ಪ್ರಶ್ನೆಗಳನ್ನು: ಈ ಹೆಸರನ್ನು ಯಾವ ಸರಕಿಗೆ, ಯಾವ ಪ್ರದೇಶದಲ್ಲಿ, ಯಾವ ದಿನದಿಂದ ಯಾರು ಬಳಸುತ್ತಿದ್ದಾರೆ, ಮತ್ತು ಕೊಳ್ಳುವವರಿಗೆ ಗೊಂದಲವಾಗುತ್ತದೆಯೇ? ಈ ಪ್ರಶ್ನೆಗಳಿಗೆ ದಾಖಲೆ ಸಮೇತ ಉತ್ತರ ಹೇಳಬಲ್ಲ ಸಣ್ಣ ಉದ್ಯಮಿ ಎಷ್ಟೋ ಸಲ ಗೆದ್ದಿದ್ದಾನೆ. ಅನ್ಯಾಯವಾಯಿತೆಂಬ ಅಳಲನ್ನಷ್ಟೇ ಹೊತ್ತು ಹೋದವನ ಕೈಯಲ್ಲಿ ವಾದಿಸಲು ಏನೂ ಇರುವುದಿಲ್ಲ.

ಪತ್ರ ಏಕೆ ಬಂತು ಎಂಬುದನ್ನೂ ಅರಿತಿರಬೇಕು. ಒಂದೇ ಬಗೆಯ ಹೆಸರುಗಳು ಮಾರುಕಟ್ಟೆಯಲ್ಲಿ ಹೆಚ್ಚಿದಷ್ಟೂ ಟ್ರೇಡ್‌ಮಾರ್ಕ್‌ನ ವಿಶಿಷ್ಟತೆ ಸವೆಯುತ್ತದೆ, ಆದ್ದರಿಂದ ಅದರ ಒಡೆಯರು ಕಾವಲು ಕಾಯಬೇಕಾಗುತ್ತದೆ. ಈ ಕಾವಲನ್ನು ಬಹುತೇಕ ಕಂಪನಿಗಳು ಹೊರಗಿನ ಸಂಸ್ಥೆಗಳಿಗೆ ವಹಿಸಿರುತ್ತವೆ. ಹೊಸ ಅರ್ಜಿಗಳಲ್ಲಿ ಹೋಲುವ ಅಕ್ಷರ ಕಂಡೊಡನೆ ಅವು ವಕೀಲರಿಗೆ ತಿಳಿಸುತ್ತವೆ, ವಕೀಲರು ಅಚ್ಚಿನಲ್ಲಿ ಎರಕ ಹೊಯ್ದಂತೆ ಸಿದ್ಧಮಾದರಿಯ ಪತ್ರ ಕಳುಹಿಸುತ್ತಾರೆ. ಹೀಗಾಗಿ ನಿಮ್ಮ ವ್ಯಾಪಾರ ಏನೆಂದು ಕಳುಹಿಸಿದವರು ನೋಡಿಯೇ ಇರಲಾರರು. ನಿಮ್ಮ ಉತ್ತರವೇ ಅವರು ಗಮನವಿಟ್ಟು ಓದುವ ಮೊದಲ ಕಾಗದವಾಗಬಹುದು. ‘ಕಾವಲು ಕಾಯದಿದ್ದರೆ ಹಕ್ಕೇ ಹೋಗುತ್ತದೆ’ ಎಂದು ಕಂಪನಿಗಳು ಹೇಳುವುದರಲ್ಲಿ ಉತ್ಪ್ರೇಕ್ಷೆ ಬಹಳವಿದೆ. ಸಂಬಂಧವೇ ಇಲ್ಲದ ಪ್ರತಿಯೊಬ್ಬ ಸಣ್ಣ ವ್ಯಾಪಾರಿಯನ್ನೂ ಬೆನ್ನಟ್ಟಬೇಕೆಂದು ಯಾವ ಕಾನೂನೂ ವಿಧಿಸುವುದಿಲ್ಲ. ಅಮೆರಿಕದಲ್ಲಿ ಇಂಥ ಬೆನ್ನಟ್ಟುವಿಕೆ ಎಷ್ಟು ಬೆಳೆದಿತ್ತೆಂದರೆ, ಅದು ಸಣ್ಣ ಉದ್ಯಮಗಳಿಗೆ ಕೊಡುವ ತೊಂದರೆಯನ್ನು ಅಧ್ಯಯನ ಮಾಡಬೇಕೆಂದು 2010ರಲ್ಲಿ ಅಲ್ಲಿನ ಸಂಸತ್ತು ಕಾನೂನಿನ ಮೂಲಕವೇ ಸೂಚಿಸಿತು.

ಮೊದಲ ವಾರ

ಪತ್ರ ಬಂದ ದಿನಾಂಕವನ್ನು ಬರೆದಿಡಿ. ಲಕೋಟೆಯನ್ನೂ ಇಮೇಲನ್ನೂ ಹಾಗೆಯೇ ಉಳಿಸಿ. ಕಂಪನಿಯ ವಕೀಲರಿಗೆ ದೂರವಾಣಿ ಕರೆ ಮಾಡಿ ವಿವರಣೆ ಕೊಡಲು ಹೋಗಬೇಡಿ. ಸೌಜನ್ಯದಿಂದ ಆಡಿದ ‘ನಿಮ್ಮ ಹೆಸರು ನಮಗೆ ಗೊತ್ತಿತ್ತು, ಆದರೆ ತೊಂದರೆಯಾಗಲಾರದು ಎಂದುಕೊಂಡೆವು’ ಎಂಬ ಒಂದು ವಾಕ್ಯ ಮುಂದೆ ದುರುದ್ದೇಶಕ್ಕೆ ಸಾಕ್ಷಿಯಾಗಬಲ್ಲದು. ಹಳೆಯ ಇಮೇಲು, ಚಿತ್ರ, ಪುಟಗಳನ್ನು ಅಳಿಸಬೇಡಿ. ಅಳಿಸಿದ್ದು ಬಯಲಾದರೆ ಅಳಿಸಿದ ವಸ್ತುವಿಗಿಂತ ಅಳಿಸಿದ ಕೃತ್ಯವೇ ಹೆಚ್ಚು ಹಾನಿ ಮಾಡುತ್ತದೆ. ಮುಚ್ಚಳಿಕೆಗೆ ಸಹಿಯನ್ನಂತೂ ಹಾಕಲೇಬೇಡಿ.

ಬಂದಿರುವುದು ಯಾವ ಬಗೆಯ ಕಾಗದವೆಂದು ಮೊದಲು ಗುರುತಿಸಿಕೊಳ್ಳಿ. ವಕೀಲರ ನೋಟಿಸಿನಲ್ಲಿರುವ ಗಡುವು ಅವರೇ ಹಾಕಿಕೊಂಡದ್ದು. ಬರೆದು ಕೇಳಿದರೆ ಬಹುಪಾಲು ಎರಡು ಮೂರು ವಾರ ಹೆಚ್ಚುವರಿ ಸಮಯ ಸಿಗುತ್ತದೆ. ನಿಮ್ಮ ನೋಂದಣಿ ಅರ್ಜಿಯ ಮೇಲೆ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಸಲ್ಲಿಕೆಯಾದ ಆಕ್ಷೇಪಣೆಯಾದರೆ ಗಡುವು ಕಾನೂನಿನದು. ಭಾರತದಲ್ಲಿ ಆಕ್ಷೇಪಣೆಯ ಪ್ರತಿ ಕೈಸೇರಿದ 2 ತಿಂಗಳೊಳಗೆ ಪ್ರತಿ ಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದೇ ಭಾವಿಸಲಾಗುತ್ತದೆ. ಅಮೆರಿಕದಲ್ಲಿ ಉತ್ತರಕ್ಕೆ ಸಿಗುವುದು ಸಾಮಾನ್ಯವಾಗಿ 40 ದಿನ. ಡೊಮೇನ್ ಹೆಸರಿನ ಮೇಲೆ ಅಂತರರಾಷ್ಟ್ರೀಯ ನಿಯಮಾವಳಿಯಡಿ ದೂರು ದಾಖಲಾಗಿದ್ದರೆ ಉತ್ತರಿಸಲು 20 ದಿನ. ಆ ದೂರಿನಲ್ಲಿ ಗೆಲ್ಲಲು ಕಂಪನಿಯು ಹೆಸರು ತನ್ನ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ನಿಮಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತಾಸಕ್ತಿಯಿಲ್ಲ, ನೀವು ದುರುದ್ದೇಶದಿಂದಲೇ ಅದನ್ನು ನೋಂದಾಯಿಸಿ ಬಳಸುತ್ತಿದ್ದೀರಿ ಎಂಬ ಮೂರನ್ನೂ ಸಾಬೀತುಪಡಿಸಬೇಕು. ಒಂದು ಬಿದ್ದರೂ ದೂರು ಬೀಳುತ್ತದೆ. ನ್ಯಾಯಾಲಯದ ಸಮನ್ಸ್ ಬಂದಿದ್ದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ಅಂದೇ ವಕೀಲರ ಬಳಿ ಹೋಗಿ.

ಗಡುವಿನ ಮುಂದೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ‘ಸೂಪರ್ ಹೀರೋ’ ಎಂಬ ಪದವನ್ನೇ ಜಂಟಿಯಾಗಿ ನೋಂದಾಯಿಸಿಕೊಂಡಿದ್ದ ಮಾರ್ವೆಲ್ ಮತ್ತು ಡಿಸಿ ಎಂಬ ಕಾಮಿಕ್ಸ್ ಕಂಪನಿಗಳ ವಿರುದ್ಧ ಒಂದು ಪುಟ್ಟ ಪ್ರಕಾಶನ ಸಂಸ್ಥೆ ರದ್ದತಿ ಅರ್ಜಿ ಹಾಕಿತು. ಆ ಎರಡು ದೈತ್ಯ ಕಂಪನಿಗಳು ಸಮಯಕ್ಕೆ ಉತ್ತರ ಸಲ್ಲಿಸಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ನೋಂದಣಿಗಳನ್ನು ರದ್ದುಪಡಿಸಿತು. ಅವರಿಗೆ ಆದದ್ದು ನಿಮಗೂ ಆಗಬಹುದು.

ಅವರ ಬಳಿ ನಿಜವಾಗಿ ಏನಿದೆ ಎಂದು ನೋಡಿ

ಬಹಳ ಮಂದಿ ಬಿಟ್ಟುಬಿಡುವ ಕೆಲಸ ಇದು. ಟ್ರೇಡ್‌ಮಾರ್ಕ್ ನೋಂದಣಿ ಪುಸ್ತಕ ಸಾರ್ವಜನಿಕ ದಾಖಲೆ. ಭಾರತ, ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟದ ಕಚೇರಿಗಳ ಜಾಲತಾಣಗಳಲ್ಲೂ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ದತ್ತಾಂಶದಲ್ಲೂ ಉಚಿತವಾಗಿ ಹುಡುಕಬಹುದು. ನೋಟಿಸಿನಲ್ಲಿ ಉಲ್ಲೇಖಿಸಿರುವ ಪ್ರತಿಯೊಂದು ನೋಂದಣಿ ಸಂಖ್ಯೆಯನ್ನೂ ತೆರೆದು ನೋಡಿ. ಅದು ಪತ್ರ ಬರೆದ ಕಂಪನಿಯ ಹೆಸರಿನಲ್ಲೇ ಇದೆಯೇ, ನಿಮ್ಮ ದೇಶದ್ದೇ, ಅರ್ಜಿಯ ದಿನಾಂಕ ಯಾವುದು, ನವೀಕರಣವಾಗಿದೆಯೇ, ಪದಕ್ಕೆ ಹಕ್ಕಿದೆಯೇ ಅಥವಾ ಚಿತ್ರದ ಸಮೇತ ಮಾತ್ರವೇ, ಮತ್ತು ಯಾವ ಯಾವ ಸರಕು ಸೇವೆಗಳಿಗೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಸರಕುಗಳನ್ನು 34, ಸೇವೆಗಳನ್ನು 11 ಎಂಬಂತೆ ಒಟ್ಟು 45 ವರ್ಗಗಳಾಗಿ ವಿಂಗಡಿಸುವ ನೀಸ್ ಪದ್ಧತಿ ಹೆಚ್ಚಿನ ದೇಶಗಳಲ್ಲಿ ಜಾರಿಯಲ್ಲಿದೆ. ವರ್ಗ ಬೇರೆ ಎಂದ ಮಾತ್ರಕ್ಕೆ ನೀವು ಪಾರಾಗುವುದಿಲ್ಲ, ಒಂದೇ ವರ್ಗ ಎಂದ ಮಾತ್ರಕ್ಕೆ ಸಿಕ್ಕಿಬೀಳುವುದೂ ಇಲ್ಲ. ಆದರೆ ‘ನಮ್ಮ ಹೆಸರು ಎಲ್ಲದಕ್ಕೂ ನೋಂದಣಿಯಾಗಿದೆ’ ಎಂಬ ಧಾಟಿಯ ಪತ್ರದ ಹಿಂದೆ ಎರಡೇ ಎರಡು ವರ್ಗಗಳ ನೋಂದಣಿ ಇರುವುದು ಅಪರೂಪವೇನಲ್ಲ.

ನೋಂದಣಿ ಇದ್ದರೆ ಸಾಲದು, ಆ ಸರಕಿಗೆ ಅದರ ಬಳಕೆಯೂ ಇರಬೇಕು. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನಲ್ಲಿ ಸತತ 5 ವರ್ಷ, ಭಾರತದಲ್ಲಿ 5 ವರ್ಷ 3 ತಿಂಗಳು ಬಳಸದಿದ್ದ ನೋಂದಣಿಯನ್ನು ತೆಗೆಸಿಹಾಕಲು ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಸತತ 3 ವರ್ಷ ಬಳಸದಿದ್ದರೆ ಕೈಬಿಟ್ಟಿದ್ದಾರೆಂಬ ಊಹೆ ಹುಟ್ಟುತ್ತದೆ. ಇದರ ಬಲವನ್ನು ತೋರಿಸಿಕೊಟ್ಟದ್ದು ಐರ್ಲೆಂಡಿನ ಸೂಪರ್‌ಮ್ಯಾಕ್ಸ್ ಎಂಬ ಆಹಾರ ಮಳಿಗೆಗಳ ಸಂಸ್ಥೆ. ಯೂರೋಪಿನಲ್ಲಿ ತನ್ನ ಹೆಸರಿನ ನೋಂದಣಿಗೆ ಮೆಕ್‌ಡೊನಾಲ್ಡ್ಸ್ ಅಡ್ಡಬಂದಾಗ ಅದು ರಕ್ಷಣೆಗಷ್ಟೇ ನಿಲ್ಲದೆ, ಮೆಕ್‌ಡೊನಾಲ್ಡ್ಸ್‌ನ ಬರ್ಗರಿನ ಹೆಸರಾದ ‘ಬಿಗ್ ಮ್ಯಾಕ್’ ನೋಂದಣಿಯ ಬಳಕೆಯನ್ನೇ ಪ್ರಶ್ನಿಸಿತು. ಮೆಕ್‌ಡೊನಾಲ್ಡ್ಸ್ ಮುಂದಿಟ್ಟದ್ದು ತನ್ನದೇ ಸಿಬ್ಬಂದಿಯ ಪ್ರಮಾಣಪತ್ರ, ಜಾಲತಾಣದ ಪುಟಗಳು, ಕರಪತ್ರಗಳು, ವಿಕಿಪೀಡಿಯದ ಒಂದು ಪುಟ. ಲೋಕಕ್ಕೆಲ್ಲ ಗೊತ್ತಿರುವ ಹೆಸರಿಗೆ ಇಷ್ಟು ಸಾಕೆಂದು ಅದು ಭಾವಿಸಿದ್ದಿರಬೇಕು. ಸಾಲಲಿಲ್ಲ, 2019ರ ಜನವರಿಯಲ್ಲಿ ನೋಂದಣಿ ಪೂರ್ತಿ ರದ್ದಾಯಿತು. ಮೇಲ್ಮನವಿಯಲ್ಲಿ ಒಂದಷ್ಟು ಮರಳಿ ಸಿಕ್ಕರೂ, 2024ರ ಜೂನ್ 5ರಂದು ಐರೋಪ್ಯ ಒಕ್ಕೂಟದ ಸಾಮಾನ್ಯ ನ್ಯಾಯಾಲಯವು ಕೋಳಿಮಾಂಸದ ಸ್ಯಾಂಡ್‌ವಿಚ್‌ಗೂ ಉಪಾಹಾರಗೃಹ ಸೇವೆಗೂ ಆ ಹೆಸರಿನ ನೈಜ ಬಳಕೆ ಸಾಬೀತಾಗಿಲ್ಲವೆಂದು ತೀರ್ಪಿತ್ತಿತು. ಸೂಪರ್‌ಮ್ಯಾಕ್ಸ್ ಸಾವಿರಾರು ಜನ ದುಡಿಯುವ ಸಂಸ್ಥೆ, ಒಬ್ಬನೇ ನಡೆಸುವ ಅಂಗಡಿಯಲ್ಲ, ನಿಜ. ಆದರೂ ಪ್ರಸಿದ್ಧಿ ಬೇರೆ, ಪುರಾವೆ ಬೇರೆ ಎಂಬುದು ಇಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಾಗಿದೆ.

ಪ್ರದೇಶದ ವಿಷಯವೂ ಹೀಗೆಯೇ. ಟ್ರೇಡ್‌ಮಾರ್ಕ್ ಹಕ್ಕು ಮೂಲತಃ ದೇಶದ ಗಡಿಯೊಳಗಿನದು. 2001ರಿಂದ ‘ಪ್ರಿಯಸ್’ ಹೆಸರಿನಲ್ಲಿ ವಾಹನಗಳ ಬಿಡಿಭಾಗ ಮಾರುತ್ತಿದ್ದ ಭಾರತದ ಸಂಸ್ಥೆಯ ಮೇಲೆ ಟೊಯೋಟಾ 2009ರಲ್ಲಿ ದಾವೆ ಹೂಡಿತು. ಜಪಾನಿನಲ್ಲಿ ಆ ಹೆಸರಿನ ಕಾರು 1997ರಲ್ಲೇ ಬಂದಿತ್ತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೊರದೇಶದಲ್ಲಿ ಹೆಸರು ಮಾಡಿದ್ದರೆ ಸಾಲದು, ವಿವಾದಿತ ಕಾಲದಲ್ಲಿ ಆ ಖ್ಯಾತಿ ಇಲ್ಲಿನ ಗ್ರಾಹಕರನ್ನು ತಲುಪಿತ್ತೆಂದು ತೋರಿಸಬೇಕು ಎಂದು ಹೇಳಿ ಬಿಡಿಭಾಗದ ಸಂಸ್ಥೆಯ ಪರ ನಿಂತಿತು. ನೋಟಿಸಿನಲ್ಲಿ ‘ವಿಶ್ವವಿಖ್ಯಾತ’ ಎಂಬ ಪದ ಕಂಡಾಗಲೆಲ್ಲ ‘ಇಲ್ಲಿ, ಯಾವಾಗಿನಿಂದ?’ ಎಂದು ಅಂಚಿನಲ್ಲಿ ಬರೆದುಕೊಳ್ಳಿ.

ಗೊಂದಲದ ಪರೀಕ್ಷೆಯನ್ನು ನಿಮ್ಮ ಮೇಲೆ ನೀವೇ ನಡೆಸಿ

ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಎಣಿಸುವುದು ಕಾನೂನಿನ ರೀತಿಯಲ್ಲ. ಅರೆಬರೆ ನೆನಪಿಟ್ಟುಕೊಂಡಿರುವ ಸಾಮಾನ್ಯ ಗ್ರಾಹಕನೊಬ್ಬ ಹೆಸರನ್ನು ಇಡಿಯಾಗಿ ನೋಡಿದಾಗ, ಕೇಳಿದಾಗ, ಇದೂ ಅವರದೇ ಅಥವಾ ಅವರಿಗೆ ಸಂಬಂಧಿಸಿದ್ದು ಎಂದುಕೊಳ್ಳುತ್ತಾನೆಯೇ ಎಂಬುದು ಪರೀಕ್ಷೆ. ಸರಕು ಎಷ್ಟು ಹತ್ತಿರದ್ದು, ಎಲ್ಲಿ ಮಾರಾಟವಾಗುತ್ತದೆ, ಕೊಳ್ಳುವವರು ಎಷ್ಟು ಎಚ್ಚರದಿಂದ ಕೊಳ್ಳುತ್ತಾರೆ, ಫಲಕದ ಬಣ್ಣ ಮತ್ತು ಅಕ್ಷರಶೈಲಿ ಏನು ಹೇಳುತ್ತವೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮಲೇಷ್ಯಾದ ‘ಮೆಕ್‌ಕರಿ’ ಉಪಾಹಾರಗೃಹ 2006ರಲ್ಲಿ ಮೆಕ್‌ಡೊನಾಲ್ಡ್ಸ್ ಎದುರು ಸೋತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದದ್ದು ಹೀಗೆ. ಹೆಸರಿನ ಮೊದಲ ತುಣುಕು ಒಂದೇ ಆದರೂ ಫಲಕದ ವಿನ್ಯಾಸ, ಬಡಿಸುವ ಆಹಾರ, ಬರುವ ಗಿರಾಕಿಗಳು ಎಲ್ಲವೂ ಬೇರೆಯಾಗಿದ್ದುದರಿಂದ ಯಾರಿಗೂ ಮೋಸವಾಗದು ಎಂದು ಆ ನ್ಯಾಯಾಲಯ ಕಂಡುಕೊಂಡಿತು. ಅದೇ ವರ್ಷ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದನ್ನು ಮರುಪರಿಶೀಲಿಸಲು ಒಪ್ಪಲಿಲ್ಲ.

ಅತ್ಯಂತ ಪ್ರಸಿದ್ಧ ಹೆಸರುಗಳಿಗೆ ಇನ್ನೊಂದು ಆಯುಧವಿದೆ. ಗೊಂದಲ ಆಗದಿದ್ದರೂ, ನಿಮ್ಮ ಬಳಕೆಯಿಂದ ಅವರ ಹೆಸರಿನ ವಿಶಿಷ್ಟತೆ ತೆಳುವಾಗುತ್ತದೆ ಅಥವಾ ಅದಕ್ಕೆ ಕಳಂಕ ಬರುತ್ತದೆ ಎಂದು ಅವರು ವಾದಿಸಬಹುದು. ಇಲ್ಲಿ ಫಲಿತಾಂಶ ಎರಡೂ ಕಡೆ ವಾಲಿದೆ. ‘ಚಾರ್‌ಬಕ್ಸ್’ ಎಂಬ ಹೆಸರಿನ ಕಾಫಿ ಮಾರುತ್ತಿದ್ದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕುಟುಂಬವೊಂದರ ಹುರಿಯುವ ಘಟಕದ ಮೇಲೆ ಸ್ಟಾರ್‌ಬಕ್ಸ್ 2001ರಲ್ಲಿ ಹೂಡಿದ ಮೊಕದ್ದಮೆ 2013ರಲ್ಲಿ ಆ ಘಟಕದ ಪರವಾಗಿ ಮುಗಿಯಿತು. ಆದರೆ ಕೆಂಟಕಿಯಲ್ಲಿ ‘ವಿಕ್ಟರ್ಸ್ ಲಿಟಲ್ ಸೀಕ್ರೆಟ್’ ಎಂಬ ಅಂಗಡಿ ನಡೆಸುತ್ತಿದ್ದ ದಂಪತಿ, ವಿಕ್ಟೋರಿಯಾಸ್ ಸೀಕ್ರೆಟ್ ಎಂಬ ಒಳಉಡುಪಿನ ಕಂಪನಿಯ ಎದುರು 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ಗೆದ್ದರೂ, 2006ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿದ್ದರಿಂದ 2010ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. ಪ್ರಸಿದ್ಧ ಹೆಸರನ್ನು ಕಣ್ಣು ಮಿಟುಕಿಸಿ ಅಣಕಿಸುವ ಹೆಸರಿಟ್ಟವರಿಗೂ ಕಾಲ ಮೊದಲಿನಂತಿಲ್ಲ. ‘ಚ್ಯೂಯಿ ವ್ಯೂಟಾನ್’ ಎಂಬ ನಾಯಿ ಆಟಿಕೆಯ ಮೇಲೆ ದುಬಾರಿ ಕೈಚೀಲಗಳ ಕಂಪನಿ ಲೂಯಿ ವಿಟಾನ್ ಹೂಡಿದ ದಾವೆ 2007ರಲ್ಲಿ ಸೋತಿತು. 2023ರಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿಯ ಸೀಸೆಯನ್ನು ಅಣಕಿಸಿದ ಇನ್ನೊಂದು ನಾಯಿ ಆಟಿಕೆಯ ಪ್ರಕರಣದಲ್ಲಿ, ಹಾಸ್ಯವನ್ನು ಸ್ವಂತ ಸರಕಿನ ಗುರುತಾಗಿಯೇ ಬಳಸಿದವರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ವಿಶೇಷ ರಕ್ಷೆ ಸಿಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಹೆಸರಿನ ಸ್ವಾರಸ್ಯವೆಲ್ಲ ಅವರ ಹೆಸರನ್ನು ನೆನಪಿಸುವುದರಲ್ಲೇ ಇದ್ದರೆ ಅದನ್ನು ಕನಿಷ್ಠ ನಿಮ್ಮ ವಕೀಲರ ಮುಂದಾದರೂ ಒಪ್ಪಿಕೊಳ್ಳಿ.

ಕಡತ ಕಟ್ಟುವುದು

ನನ್ನ ಮಟ್ಟಿಗೆ ಇಡೀ ಜಗಳದ ತಿರುಳು ಇಲ್ಲಿದೆ. ಮೊದಲು ಬಳಸಿದವನಿಗೆ ಅನೇಕ ದೇಶಗಳ ಕಾನೂನು ಬಲ ಕೊಡುತ್ತದೆ, ಆದರೆ ‘ಮೊದಲು’ ಎಂಬುದನ್ನು ಕಾಗದ ಹೇಳಬೇಕು. ಮೊದಲ ಬಳಕೆದಾರನ ಹಕ್ಕು ನೋಂದಣಿದಾರನ ಹಕ್ಕಿಗಿಂತ ಮೇಲೆಂದು ಭಾರತದ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಮೆರಿಕದಲ್ಲಿ ನಿಯಮ ಸ್ವಲ್ಪ ಬೇರೆ. ಇಲಿನಾಯ್ ರಾಜ್ಯದ ಮಟೂನ್ ಎಂಬ ಪಟ್ಟಣದಲ್ಲಿ 1957ರಿಂದ ‘ಬರ್ಗರ್ ಕಿಂಗ್’ ಹೆಸರು ಬಳಸುತ್ತಿದ್ದ ಕುಟುಂಬಕ್ಕೆ, ಅದೇ ಹೆಸರಿನ ದೊಡ್ಡ ಕಂಪನಿಯ ರಾಷ್ಟ್ರೀಯ ನೋಂದಣಿ 1961ರಲ್ಲಿ ಆದ ಮೇಲೂ ತನ್ನ ಸುತ್ತಲಿನ 20 ಮೈಲಿಯೊಳಗಿನ ಹಕ್ಕನ್ನು 1968ರ ತೀರ್ಪು ಉಳಿಸಿಕೊಟ್ಟಿತು. ಉಳಿದ ರಾಜ್ಯವೆಲ್ಲ ಕಂಪನಿಯ ಪಾಲಾಯಿತು. ಅಂದರೆ ಯಾವ ದಿನದಿಂದ ಎಂಬುದರ ಜೊತೆಗೆ ಎಲ್ಲಿಯವರೆಗೆ ಎಂಬುದನ್ನೂ ನಿಮ್ಮ ದಾಖಲೆ ತೋರಿಸಬೇಕು.

ಮೊದಲ ಬಿಲ್ಲು, ಫಲಕ ಬರೆಸಿದ ರಸೀದಿ, ಪ್ಯಾಕಿಂಗ್ ಮುದ್ರಿಸಿದವರ ಇನ್‌ವಾಯ್ಸ್, ಡೊಮೇನ್ ಕೊಂಡ ದಿನಾಂಕ, ತೆರಿಗೆ ನೋಂದಣಿ, ಪರವಾನಗಿ, ಬ್ಯಾಂಕ್ ಖಾತೆ ತೆರೆದ ಪತ್ರ, ಪತ್ರಿಕೆಯಲ್ಲಿ ಬಂದ ಸುದ್ದಿ ಅಥವಾ ಜಾಹೀರಾತು, ದಿನಾಂಕ ಕಾಣುವ ಚಿತ್ರಗಳು, ಅಂತರಜಾಲ ಸಂಗ್ರಹಾಲಯದಲ್ಲಿ (ಇಂಟರ್ನೆಟ್ ಆರ್ಕೈವ್) ಉಳಿದಿರುವ ನಿಮ್ಮ ಹಳೆಯ ಪುಟಗಳು ಇವೆಲ್ಲವನ್ನೂ ವರ್ಷವಾರು ಜೋಡಿಸಿ. ಪ್ರತಿ ವರ್ಷಕ್ಕೂ ನಾಲ್ಕೈದಾದರೂ ಇರಲಿ. ನಡುವೆ ಎರಡು ವರ್ಷ ಖಾಲಿ ಬಿದ್ದರೆ ‘ಬಳಕೆ ನಿಂತಿತ್ತು’ ಎಂಬ ವಾದ ಅಲ್ಲೇ ಹುಟ್ಟುತ್ತದೆ. ಹೊರಗಿನವರು ಸೃಷ್ಟಿಸಿದ ದಾಖಲೆಗೆ ನೀವೇ ಸೃಷ್ಟಿಸಿದ ದಾಖಲೆಗಿಂತ ತೂಕ ಹೆಚ್ಚು. ಇಲ್ಲದ ರಸೀದಿಗೆ ಹಿಂದಿನ ದಿನಾಂಕ ಹಾಕಿ ಬರೆಯುವ ಆಸೆಗೆ ಬೀಳಬೇಡಿ. ಸಿಕ್ಕಿಬಿದ್ದರೆ ಉಳಿದ ನಿಜ ದಾಖಲೆಗಳನ್ನೂ ಯಾರೂ ನಂಬುವುದಿಲ್ಲ.

ಹೆಸರನ್ನು ಏಕೆ ಆರಿಸಿಕೊಂಡಿರಿ ಎಂಬ ಕಥೆಗೂ ಆ ಕಾಲದ ಸಾಕ್ಷಿ ಹುಡುಕಿ: ಪಾಲುದಾರರ ನಡುವಿನ ಇಮೇಲು, ವಿನ್ಯಾಸಕಾರರಿಗೆ ಬರೆದ ಟಿಪ್ಪಣಿ, ತಿರಸ್ಕರಿಸಿದ ಬೇರೆ ಹೆಸರುಗಳ ಪಟ್ಟಿ. ಸ್ವಂತ ಹೆಸರನ್ನೋ ಮನೆತನದ ಹೆಸರನ್ನೋ ಪ್ರಾಮಾಣಿಕವಾಗಿ ಬಳಸುವವರಿಗೆ ಅನೇಕ ಕಾನೂನುಗಳು ವಿನಾಯಿತಿ ಕೊಡುತ್ತವೆ, ಆದರೆ ಮಿತಿಗಳಿವೆ; ಐರೋಪ್ಯ ಒಕ್ಕೂಟದಲ್ಲಿ 2016ರಿಂದ ಇದು ವ್ಯಕ್ತಿಗಳಿಗೆ ಮಾತ್ರ, ಕಂಪನಿಯ ಹೆಸರಿಗಲ್ಲ. ಕಂಪನಿಗೆ ನಿಮ್ಮ ಬಳಕೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಪುರಾವೆ ಸಿಕ್ಕರೆ ಜೋಪಾನ ಮಾಡಿ. ನಿಮ್ಮ ಚಿಹ್ನೆ ನೋಂದಣಿಯಾಗಿದ್ದು, ಅದರ ಬಳಕೆ ತಿಳಿದೂ ಅವರು ಸತತ 5 ವರ್ಷ ಸುಮ್ಮನಿದ್ದರೆ, ಭಾರತ, ಬ್ರಿಟನ್, ಐರೋಪ್ಯ ಒಕ್ಕೂಟಗಳಲ್ಲಿ ಆಮೇಲೆ ತಕರಾರು ತೆಗೆಯುವ ಹಕ್ಕು ಬಹುಮಟ್ಟಿಗೆ ಕಳೆದುಹೋಗುತ್ತದೆ, ನೀವು ದುರುದ್ದೇಶದಿಂದ ನೋಂದಾಯಿಸಿರದಿದ್ದರೆ.

ಕಡತ ಕಟ್ಟುತ್ತ ಹೋದಂತೆ ಕೆಲವರಿಗೆ ಅಚ್ಚರಿ ಕಾದಿರುತ್ತದೆ: ಮೊದಲು ಬಳಸಿದವರು ತಾವೇ, ಆಮೇಲೆ ಬಂದದ್ದು ದೊಡ್ಡ ಕಂಪನಿ. ಆಗ ಗೊಂದಲ ಉಲ್ಟಾ ಹರಿಯುತ್ತದೆ. ಅವರ ಜಾಹೀರಾತಿನ ಅಬ್ಬರದಲ್ಲಿ ನಿಮ್ಮ ಸರಕನ್ನೇ ಜನ ನಕಲಿ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ‘ಬಿಗ್ ಫುಟ್’ ಎಂಬ ಟೈರು ಮಾರುತ್ತಿದ್ದ ಬಿಗ್ ಓ ಎಂಬ ಸಣ್ಣ ಸಂಸ್ಥೆ, ಅದೇ ಹೆಸರಿನಲ್ಲಿ ದೇಶವ್ಯಾಪಿ ಪ್ರಚಾರಕ್ಕಿಳಿದ ಗುಡ್‌ಇಯರ್ ವಿರುದ್ಧ ಇದೇ ನೆಲೆಯಲ್ಲಿ ಗೆದ್ದು, 1977ರ ಮೇಲ್ಮನವಿ ತೀರ್ಪಿನ ಬಳಿಕವೂ 40 ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರ ಉಳಿಸಿಕೊಂಡಿತು.

ಉತ್ತರ ಬರೆಯುವ ಬಗೆ

ಉತ್ತರವನ್ನು ಟ್ರೇಡ್‌ಮಾರ್ಕ್ ಕೆಲಸವನ್ನೇ ಮಾಡುವ ವಕೀಲರ ಮೂಲಕ ಕಳುಹಿಸುವುದು ಒಳ್ಳೆಯದು. ಇಡೀ ಪ್ರಕರಣಕ್ಕೆ ಒಮ್ಮೆಗೇ ಒಪ್ಪಿಸಬೇಕಾಗಿಲ್ಲ. ಕಡತ ಓದಿ ಅಭಿಪ್ರಾಯ ಹೇಳಲು ಮತ್ತು ಒಂದು ಉತ್ತರ ಬರೆಯಲು ನಿಗದಿತ ಶುಲ್ಕ ಎಷ್ಟೆಂದು ಕೇಳಿ. ವ್ಯಾಪಾರಕ್ಕೆ ವಿಮೆ ಇದ್ದರೆ ಅದರಲ್ಲಿ ಇಂಥ ವ್ಯಾಜ್ಯದ ಖರ್ಚು ಸೇರಿದೆಯೇ ಎಂದು ನೋಡಿ, ವಿಮಾ ಕಂಪನಿಗೆ ತಡಮಾಡದೆ ತಿಳಿಸಿ.

ಉತ್ತರ ಚಿಕ್ಕದಾಗಿರಲಿ. ಪತ್ರ ತಲುಪಿದೆ, ಆಪಾದನೆಗಳನ್ನು ಒಪ್ಪುವುದಿಲ್ಲ, ಈ ಹೆಸರನ್ನು ಇಂಥ ಸರಕಿಗೆ ಇಂಥ ದಿನಾಂಕದಿಂದ ಪ್ರಾಮಾಣಿಕವಾಗಿ ಬಳಸುತ್ತಿದ್ದೇವೆ, ಗೊಂದಲವಾದ ಯಾವ ನಿದರ್ಶನವೂ ನಮ್ಮ ಗಮನಕ್ಕೆ ಬಂದಿಲ್ಲ (ಇದು ನಿಜವಾಗಿದ್ದರೆ ಮಾತ್ರ) ಎಂಬ ಮಾತುಗಳು, ನೀವು ಆಧರಿಸಿರುವ ನೋಂದಣಿ ಯಾವುದು, ಯಾವ ಸರಕಿಗೆ, ಬಳಕೆಗೆ ಏನು ಪುರಾವೆ ಎಂಬ ನೇರ ಪ್ರಶ್ನೆಗಳು, ಕೊನೆಯಲ್ಲಿ ‘ನಮ್ಮ ಹಕ್ಕುಗಳಿಗೆ ಬಾಧಕವಿಲ್ಲದಂತೆ ಮಾತುಕತೆಗೆ ಸಿದ್ಧರಿದ್ದೇವೆ’ ಎಂಬ ಸಾಲು. ಕಡತದ ಎಲ್ಲ ಎಲೆಗಳನ್ನೂ ಮೊದಲ ಉತ್ತರದಲ್ಲೇ ಕಳುಹಿಸಬೇಡಿ. ದಿನಾಂಕವನ್ನು ಖಚಿತಪಡಿಸುವ ಎರಡು ಮೂರು ದಾಖಲೆ ಸಾಕು. ಆಧಾರವಿಲ್ಲದ ಬೆದರಿಕೆಯ ವಿರುದ್ಧ ದಾವೆ ಹೂಡಲು ಭಾರತದ 1999ರ ಕಾಯ್ದೆಯ 142ನೆಯ ಕಲಮು, ಬ್ರಿಟನ್ನಿನ 2017ರ ಕಾಯ್ದೆ ಅವಕಾಶ ಕೊಡುತ್ತವೆ. ಆದರೆ ಎರಡಕ್ಕೂ ಮಿತಿಗಳಿವೆ, ಸುಮ್ಮನೆ ಗುರಾಣಿಯಂತೆ ಎತ್ತಿ ತೋರಿಸುವ ಮಾತಲ್ಲ. ನಿಮ್ಮನ್ನು ಕೇಳದೆಯೇ ತಡೆಯಾಜ್ಞೆ ತಂದಾರೆಂಬ ಅನುಮಾನವಿದ್ದರೆ ಭಾರತದ ನ್ಯಾಯಾಲಯಗಳಲ್ಲಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ, ಸಲ್ಲಿಸಿಡಬಹುದು. ಅದರ ಆಯುಷ್ಯ 90 ದಿನ.

ಎಲ್ಲ ನೋಟಿಸುಗಳೂ ದಬ್ಬಾಳಿಕೆಯವಲ್ಲ ಎಂಬುದನ್ನು ಮರೆಯಬಾರದು. 2012ರಲ್ಲಿ ಜ್ಯಾಕ್ ಡೇನಿಯಲ್ಸ್ ವಕೀಲರು, ತಮ್ಮ ಸೀಸೆಯ ಚೀಟಿಯನ್ನು ಹೋಲುವ ಪುಸ್ತಕದ ಮುಖಪುಟ ಮಾಡಿಸಿದ್ದ ಲೇಖಕರೊಬ್ಬರಿಗೆ, ಮುಂದಿನ ಮುದ್ರಣದಲ್ಲಿ ಬದಲಿಸಿದರೆ ಸಾಕು, ಈಗಲೇ ಬದಲಿಸುವುದಾದರೆ ಖರ್ಚಿನಲ್ಲಿ ಒಂದು ಪಾಲು ನಾವೇ ಕೊಡುತ್ತೇವೆ ಎಂದು ಬರೆದಿದ್ದರು. ಅಂಥ ಪತ್ರಕ್ಕೆ ಅಂಥದ್ದೇ ಧಾಟಿಯ ಉತ್ತರ ಸಲ್ಲುತ್ತದೆ.

ಸಾರ್ವಜನಿಕರ ಮುಂದೆ ಹೋಗುವುದು ಕೆಲವೊಮ್ಮೆ ಫಲಿಸಿದೆ. ‘ಈಟ್ ಮೋರ್ ಕೇಲ್’ (ಕೇಲ್ ಸೊಪ್ಪು ಹೆಚ್ಚು ತಿನ್ನಿ) ಎಂದು ಅಂಗಿಗಳ ಮೇಲೆ ಮುದ್ರಿಸುತ್ತಿದ್ದ ಅಮೆರಿಕದ ವರ್ಮಾಂಟಿನ ಕಲಾವಿದನಿಗೆ 2011ರಲ್ಲಿ, ‘ಈಟ್ ಮೋರ್ ಚಿಕಿನ್’ ಎಂಬ ಘೋಷಣೆಯ ಆಹಾರ ಕಂಪನಿ ಚಿಕ್-ಫಿಲ್-ಎಯ ಆಕ್ಷೇಪ ಬಂದಾಗ ಜನ ಅವನ ಬೆನ್ನಿಗೆ ನಿಂತರು, 2014ರಲ್ಲಿ ಅವನ ನೋಂದಣಿ ಸಿಕ್ಕಿತು. ಆದರೆ ಜಾಲತಾಣದಲ್ಲಿ ಬರೆದದ್ದೆಲ್ಲ ನಾಳೆ ನ್ಯಾಯಾಲಯದಲ್ಲಿ ಓದಿಸಿಕೊಳ್ಳುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಬರೆಯುವುದೇ ಆದರೆ ಮೊದಲ ಉತ್ತರ ಹೋದ ಮೇಲೆ, ನಡೆದದ್ದನ್ನು ಮಾತ್ರ, ವಕೀಲರಿಗೆ ತೋರಿಸಿ ಬರೆಯಿರಿ.

ರಾಜಿ

ಇಂಥ ತಕರಾರುಗಳು ಹೆಚ್ಚಾಗಿ ತೀರ್ಪಿನಲ್ಲಲ್ಲ, ಒಪ್ಪಂದದಲ್ಲಿ ಮುಗಿಯುತ್ತವೆ. ಒಪ್ಪಂದವೆಂದರೆ ಶರಣಾಗತಿಯೇ ಆಗಬೇಕಿಲ್ಲ. ಪೇರಳೆ ಹಣ್ಣಿನ ಲೋಗೋ ಇದ್ದ ‘ಪ್ರಿಪೇರ್’ ಎಂಬ ಪುಟ್ಟ ಆ್ಯಪ್ ಸಂಸ್ಥೆಯ ಅರ್ಜಿಗೆ 2020ರಲ್ಲಿ ಆ್ಯಪಲ್ ಆಕ್ಷೇಪಿಸಿತು. ಮರುವರ್ಷ ಹಣ್ಣಿನ ಮೇಲಿನ ಎಲೆಯ ಆಕಾರ ಬದಲಿಸುವುದರೊಂದಿಗೆ ಅದು ಬಗೆಹರಿಯಿತು. ವೇಲ್ಸ್‌ನ ಬಾಸ್ ಬ್ರೂಯಿಂಗ್ 2019ರಲ್ಲಿ ಹ್ಯೂಗೋ ಬಾಸ್ ಎಂಬ ಉಡುಪಿನ ಕಂಪನಿಯೊಡನೆ ರಾಜಿಯಾಗಿ ಎರಡು ಬಿಯರುಗಳ ಹೆಸರನ್ನಷ್ಟೇ ತುಸು ತಿದ್ದಿ, ಸಂಸ್ಥೆಯ ಹೆಸರನ್ನು ಉಳಿಸಿಕೊಂಡಿತು.

ಅವರು ಕಳುಹಿಸಿದ ಮುಚ್ಚಳಿಕೆಯನ್ನು ಆಧಾರವಾಗಿಟ್ಟುಕೊಳ್ಳದೆ ನಿಮ್ಮದೇ ಕರಡು ಮುಂದಿಡಿ. ಯಾವ ಸರಕು, ಯಾವ ಪ್ರದೇಶ, ಯಾವ ಅಕ್ಷರಶೈಲಿ ನಿಮ್ಮದು ಎಂಬುದನ್ನು ಬರೆಯಿಸಿ. ಆ ಎಲ್ಲೆಯೊಳಗೆ ಅವರೂ ಮುಂದೆ ತಕರಾರು ತೆಗೆಯಬಾರದು ಎಂಬುದನ್ನೂ ಬರೆಯಿಸಿ. ವ್ಯಾಪಾರವನ್ನು ಮಾರಿದರೆ ಅಥವಾ ಮಕ್ಕಳಿಗೆ ವಹಿಸಿದರೆ ಒಪ್ಪಂದವೂ ಜೊತೆಗೆ ಹೋಗಬೇಕು. ‘ಹೋಲುವ ಯಾವುದೇ ಪದ, ಯಾವುದೇ ಸರಕಿಗೆ, ಎಂದೆಂದಿಗೂ’ ಎಂಬ ವಾಕ್ಯ ಕಂಡರೆ ಅಲ್ಲೇ ನಿಲ್ಲಿ. ತಪ್ಪೊಪ್ಪಿಗೆಯ ಸಾಲು, ಮಾಲೀಕರನ್ನು ವೈಯಕ್ತಿಕವಾಗಿ ಕಟ್ಟಿಹಾಕುವ ಸಾಲು, ಪ್ರತಿ ಉಲ್ಲಂಘನೆಗೂ ದಂಡದ ಸಾಲು ಇವು ಮೂರನ್ನೂ ಹೊಡೆದುಹಾಕಿಸಲು ಪಟ್ಟುಹಿಡಿಯಿರಿ.

ಮುಂದಿನ ಕಾಲವನ್ನೂ ಊಹಿಸಬೇಕು. ಬೀಟಲ್ಸ್ ಸಂಗೀತ ತಂಡದ ಕಂಪನಿ ಆ್ಯಪಲ್ ಕೋರ್ ಎದುರು ಆಗಿನ್ನೂ ಎಳೆಯ ಸಂಸ್ಥೆಯಾಗಿದ್ದ ಆ್ಯಪಲ್ ಕಂಪ್ಯೂಟರ್, ಸಂಗೀತದ ವ್ಯಾಪಾರಕ್ಕೆ ಬರುವುದಿಲ್ಲವೆಂದು 1981ರಲ್ಲಿ ಒಪ್ಪಿಕೊಂಡಿತ್ತು. ಕಂಪ್ಯೂಟರೇ ಒಂದು ದಿನ ಹಾಡುವ ಯಂತ್ರವಾದೀತೆಂದು ಕರಡು ಬರೆದವರು ಎಣಿಸಿರಲಿಲ್ಲ. 1991ರಲ್ಲಿ ಎರಡನೆಯ ಒಪ್ಪಂದ, 2006ರಲ್ಲಿ ಲಂಡನ್ನಿನಲ್ಲಿ ತೀರ್ಪು, 2007ರಲ್ಲಿ ಮೂರನೆಯ ಒಪ್ಪಂದ ಆಗುವವರೆಗೆ ಜಗಳ ನಡೆಯಿತು. ಐದು ವರ್ಷಗಳಲ್ಲಿ ನೀವು ಇನ್ನೇನು ಮಾರಬಹುದು ಎಂಬುದನ್ನು ಸಹಿಗೆ ಮೊದಲೇ ಪಟ್ಟಿ ಮಾಡಿಕೊಳ್ಳಿ.

ಹೆಸರು ಬಿಡುವುದೇ ಲೇಸಾದಾಗ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಟ್ರೇಡ್‌ಮಾರ್ಕ್ ವ್ಯಾಜ್ಯಗಳಿಗೂ ಅನ್ವಯಿಸುತ್ತದೆ. ಚಾರ್‌ಬಕ್ಸ್ ಗೆಲ್ಲಲು 12 ವರ್ಷ ಹಿಡಿಯಿತು. ನಿಸ್ಸಾನ್ ಎಂಬ ತಮ್ಮ ಮನೆತನದ ಹೆಸರಿನಲ್ಲೇ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಅಮೆರಿಕದ ವ್ಯಾಪಾರಿಯೊಬ್ಬರು, 1999ರಲ್ಲಿ ನಿಸ್ಸಾನ್ ಮೋಟಾರ್ ಹೂಡಿದ ದಾವೆಯಲ್ಲಿ ತಮ್ಮ ಡೊಮೇನನ್ನು ಉಳಿಸಿಕೊಳ್ಳಲು ಸುಮಾರು 8 ವರ್ಷ ಕಾದಾಡಬೇಕಾಯಿತು. ನೀವು ಆಮೇಲೆ ಬಂದವರು, ಸರಕು ಒಂದೇ, ಹೆಸರಿಟ್ಟು ಇನ್ನೂ ಕೆಲವೇ ತಿಂಗಳಾಗಿವೆ ಎಂದಾದರೆ ಫಲಕ ಬದಲಿಸುವ ಖರ್ಚು ಒಂದು ವರ್ಷದ ವ್ಯಾಜ್ಯದ ಖರ್ಚಿಗಿಂತ ಬಹುತೇಕ ಕಡಿಮೆ. ಹತ್ತಾರು ವರ್ಷಗಳ ಗಿರಾಕಿಗಳ ನೆನಪು ಆ ಹೆಸರಿಗೆ ಅಂಟಿಕೊಂಡಿದ್ದು, ಕಡತವೂ ಗಟ್ಟಿಯಾಗಿದ್ದರೆ ಲೆಕ್ಕ ಬೇರೆ.

ಬಿಡುವುದಾದರೂ ಬೆಲೆಗೆ ಬಿಡಿ. ಇರುವ ದಾಸ್ತಾನು ಮಾರಿ ಮುಗಿಸಲು ಆರು ತಿಂಗಳೋ ವರ್ಷವೋ ಸಮಯ, ಹಳೆಯ ಡೊಮೇನಿಗೆ ಬಂದವರು ಹೊಸದಕ್ಕೆ ಹೋಗುವಂತೆ ಒಂದಷ್ಟು ಕಾಲದ ವ್ಯವಸ್ಥೆ, ‘ಹಿಂದೆ ಇಂಥ ಹೆಸರಿನಿಂದ ಪರಿಚಿತರು’ ಎಂದು ಹೇಳಿಕೊಳ್ಳುವ ಅನುಮತಿ, ಹಿಂದಿನ ಬಳಕೆಗೆ ಹಣ ಕೇಳುವುದಿಲ್ಲವೆಂಬ ಲಿಖಿತ ಮಾತು, ಸಾಧ್ಯವಾದರೆ ಬದಲಾವಣೆಯ ಖರ್ಚಿನ ಪಾಲು ಇವನ್ನೆಲ್ಲ ಕೇಳಬಹುದು. ಬೇಗ ಮುಗಿಯಲಿ ಎಂಬ ಆಸೆ ಅವರಿಗೂ ಇರುತ್ತದೆ. ಹೊಸ ಹೆಸರನ್ನು ನಿಮ್ಮ ಸರಕಿನ ವರ್ಗದಲ್ಲೂ ಹತ್ತಿರದ ವರ್ಗಗಳಲ್ಲೂ, ಉಚ್ಚಾರಣೆ ಹೋಲುವ ಬೇರೆ ಬರಹದ ರೂಪಗಳಲ್ಲೂ ಹುಡುಕಿ ನೋಡಿ. ಸಾಧ್ಯವಾದರೆ ಒಪ್ಪಂದದಲ್ಲೇ ಆ ಹೊಸ ಹೆಸರನ್ನು ನಮೂದಿಸಿ, ಅದಕ್ಕೆ ತಮ್ಮ ಆಕ್ಷೇಪವಿಲ್ಲವೆಂದು ಅವರಿಂದಲೇ ಬರೆಯಿಸಿಕೊಳ್ಳಿ. ನೋಂದಣಿ ಅರ್ಜಿ ಸಲ್ಲಿಸಿ, ಡೊಮೇನ್ ಕೈಗೆ ಬಂದ ಮೇಲೆಯೇ ಹೊಸ ಫಲಕ ಬರೆಯಲು ಹೇಳಿ, ಮತ್ತು ಆ ಫಲಕದ ರಸೀದಿಯನ್ನು ಹೊಸ ಕಡತದ ಮೊದಲ ಹಾಳೆಯಾಗಿ ಇಡಿ.